ತಗಡಿನ ಮೇಲೆ ಬಿದ್ದ ಚೆಂಡು ಯಾರದು?

ಕಳೆದ ವಾರ ನನ್ನ ಕಣ್ಣೆದುರಿಗೇ ಒಂದು ಡೈರಿಯಲ್ಲಿ ಏಳನೆಯ ಸಾಲು ಸೇರಿಕೊಂಡಿತು. ‘ಗಾಲ್ಫ್ ಚೆಂಡು ತಾವೇ ಹೊಡೆದಿದ್ದು ಅಂತಾರೆ.’

ಬರೆದವರು ಜಯಮ್ಮ. ಅದು ಅವರ ಗಂಡ ಮುನಿರಾಜು ಅವರ ತಪ್ಪುಗಳ ಪಟ್ಟಿ. ತಪ್ಪು ಎಂದರೆ ನಡತೆಯದಲ್ಲ, ನೆನಪಿನದು. ಏಳನೆಯ ಸಾಲಿಗೆ ಇದ್ದ ಒಬ್ಬನೇ ಸಾಕ್ಷಿ ನಾನು.

ಮುನಿರಾಜು ನಿಮಗೆ ಹೊಸಬರಲ್ಲ. ಈ ಅಂಕಣದಲ್ಲಿ ಎರಡು ಸಲ ಬಂದು ಹೋಗಿದ್ದಾರೆ. ಮರೆತಿದ್ದರೆ ಸಂಕೋಚ ಬೇಡ, ಈ ವಾರದ ವಿಷಯವೇ ಅದು. ಅರೆಕೆರೆಯ ಹಳೆಯ ಮನೆತನದವರು. ಹೊಲಗಳು ಸೈಟುಗಳಾಗಿ, ಸೈಟುಗಳು ಮನೆಗಳಾದ ಮೇಲೆ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. ಅವರ ಮನೆಯ ಮೊದಲ ಮಹಡಿಯಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗೆ ಇದ್ದೆ. ಗಿರಿನಗರಕ್ಕೆ ಬಂದ ಮೇಲೂ ಸ್ನೇಹ ಖಾಲಿ ಮಾಡಲಿಲ್ಲ.

ನಮ್ಮಿಬ್ಬರಿಗೂ ಗಾಲ್ಫ್ ಗಂಟುಬಿದ್ದದ್ದು ಹೇಗೆ ಎಂದು ಕೇಳಬೇಡಿ. ಕೇಳಿದರೂ ಉತ್ತರ ಸರಳ. ಮುನಿರಾಜು ಅವರ ಚಿಕ್ಕಪ್ಪನ ರಾಗಿ ಹೊಲವನ್ನು ಯಾರೋ ಲೀಸಿಗೆ ಪಡೆದು, ಮೂರು ಕಡೆ ಎತ್ತರದ ಬಲೆ ಕಟ್ಟಿ, ಹಸಿರು ಚಾಪೆ ಹಾಸಿ ಡ್ರೈವಿಂಗ್ ರೇಂಜ್ ಮಾಡಿದರು. ಗಾಲ್ಫ್ ಆಡುವವರು ಸಾಲಾಗಿ ನಿಂತು ಬಕೆಟ್ಟುಗಟ್ಟಲೆ ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗ. ಹೊಲದ ಮನೆಯವರು ಎಂಬ ಕಾರಣಕ್ಕೆ ಮುನಿರಾಜು ಅವರಿಗೆ ಪ್ರವೇಶ ಫ್ರೀ. ಅವರ ಬಾಡಿಗೆದಾರ ಎಂಬ ಕಾರಣಕ್ಕೆ ನನಗೂ. ಒಂದು ಹಳೆಯ ಡ್ರೈವರ್ ಕೊಂಡೆವು. ಗಾಲ್ಫಿನ ಕೋಲುಗಳಲ್ಲೆಲ್ಲ ಉದ್ದನೆಯದು, ತುದಿಯಲ್ಲಿ ಸಣ್ಣ ತೆಂಗಿನಕಾಯಿಯಷ್ಟು ದಪ್ಪ ತಲೆ. ಚೆಂಡನ್ನು ಬಹಳ ದೂರ ಕಳಿಸಬೇಕಾದಾಗ ಎತ್ತಿಕೊಳ್ಳುವುದು ಅದನ್ನೇ.

ಆ ತಲೆಗೊಂದು ಚಪ್ಪಟೆ ಮುಖ. ಆ ಮುಖದಲ್ಲಿ ಎಲ್ಲೋ ಒಂದು ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ, ಸ್ವೀಟ್ ಸ್ಪಾಟ್ ಇರುತ್ತದೆ. ಚೆಂಡು ಅಲ್ಲಿ ತಗುಲಿದರೆ ಹಕ್ಕಿಯ ಹಾಗೆ ಹೋಗುತ್ತದೆ. ಒಂದು ಬೆರಳು ಅತ್ತ ಇತ್ತ ಆದರೆ ಕೈ ಜುಮ್ಮೆನ್ನುತ್ತದೆ, ಚೆಂಡು ಪಕ್ಕದವನ ಕಾಲ ಹತ್ತಿರ ಉರುಳುತ್ತದೆ. ನನ್ನ ಚೆಂಡುಗಳಿಗೆ ಅಕ್ಕಪಕ್ಕದವರ ಕಾಲುಗಳ ಒಳ್ಳೆಯ ಪರಿಚಯವಿತ್ತು.

ಈಗ ಆ ಕಥೆ. ನಾನು ಹತ್ತು ಹನ್ನೆರಡು ವರ್ಷಗಳಿಂದ ಹೇಳುತ್ತಿರುವ ಹಾಗೆಯೇ ಹೇಳುತ್ತೇನೆ.

ಆಯುಧ ಪೂಜೆಯ ಮಾರನೆಯ ಬೆಳಿಗ್ಗೆ. ಹಿಂದಿನ ದಿನ ಜಯಮ್ಮ ಸ್ಕೂಟರು, ತಕ್ಕಡಿ, ಪೈಪ್ ಕೊಯ್ಯುವ ಮೆಷಿನ್ನಿನ ಜೊತೆ ಡ್ರೈವರ್‌ಗೂ ಪೂಜೆ ಮಾಡಿದ್ದರು. ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಅದರ ಮುಖದ ಮೇಲೆ ಇತ್ತು. ಒರೆಸಬಾರದೆಂದು ಜಯಮ್ಮನ ಅಪ್ಪಣೆ. ಹಾಗೆಯೇ ಒಯ್ದೆವು. ಹತ್ತು ಹದಿನೈದು ಚೆಂಡು ವ್ಯರ್ಥವಾದವು. ಆಮೇಲೆ ನಾನು ಒಂದು ಹೊಡೆದೆ. ಇಬ್ಬನಿಯಲ್ಲಿ ನೆಂದ ರಾಗಿ ಪೈರಿಗೆ ಹರಿತವಾದ ಕುಡುಗೋಲು ಹಾಕಿದ ಹಾಗೆ. ಕೈಗೆ ಏನೂ ಗೊತ್ತಾಗಲಿಲ್ಲ. ಚೆಂಡು ಎದುರಿನ ಬಲೆಯ ಮೇಲೆ ಹಾರಿ ಮರೆಯಾಯಿತು. ಇಡೀ ಮೈದಾನ ಮೌನ. ಆಮೇಲೆ ದೂರದಲ್ಲಿ, ದನದ ಕೊಟ್ಟಿಗೆಯ ತಗಡಿನ ಮೇಲೆ, ಠಣ್.

ಮುನಿರಾಜು ಹೋಗಿ ಆ ಚೆಂಡನ್ನು ಹುಡುಕಿ ತಂದರು. ಅದರ ಮೇಲೆ ಕುಂಕುಮ ಗುಂಡಗೆ ಅಚ್ಚಾಗಿತ್ತು. ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯ ಶೋಕೇಸಿನಲ್ಲಿತ್ತು.

ಇದನ್ನು ಇದೇ ಜಾಗದಲ್ಲಿ ಎರಡು ಸಲ ಬರೆದಿದ್ದೇನೆ. ‘ಕುಡುಗೋಲಿನ ಹೋಲಿಕೆ ಸೊಗಸಾಗಿದೆ’ ಎಂದು ಸಿದ್ದಾಪುರದ ಓದುಗರೊಬ್ಬರು ಪತ್ರ ಬರೆದಿದ್ದರು. ಆ ಪತ್ರವನ್ನೂ ಇಟ್ಟುಕೊಂಡಿದ್ದೇನೆ.

ಎರಡು ತಿಂಗಳ ಹಿಂದೆ ಮುನಿರಾಜು ಅವರಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಬಲಗೈ ಸ್ವಲ್ಪ ಸೋತಿದೆ, ಮಾತು ನಿಧಾನವಾಗಿದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆದರೆ ಡಾಕ್ಟರು ನೆನಪಿನ ಮೇಲೂ ಒಂದು ಕಣ್ಣಿಡಲು ಹೇಳಿದ್ದಾರೆ. ಏನಾದರೂ ಗೊಂದಲ ಮಾಡಿಕೊಂಡರೆ ಬರೆದಿಡಿ, ಗುರುವಾರ ತನ್ನಿ, ಅದನ್ನು ನೋಡಿಕೊಂಡು ಅಂಗಡಿಗೆ ಒಬ್ಬರೇ ಹೋಗಬಹುದೋ ಇಲ್ಲವೋ ಹೇಳುತ್ತೇನೆ ಎಂದಿದ್ದಾರೆ.

ಅಂಗಡಿ ಮನೆಯಿಂದ ಎರಡು ಬೀದಿ ಆಚೆ. ಮೂವತ್ತು ವರ್ಷ ಅವರೇ ಷಟರ್ ಎತ್ತಿದ್ದಾರೆ. ಈಗ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ಶರ್ಟು ಹಾಕಿಕೊಂಡು, ಬೀಗದಕೈ ಜೇಬಿನಲ್ಲಿಟ್ಟು ವರಾಂಡದಲ್ಲಿ ಕೂತಿರುತ್ತಾರಂತೆ. ಬೇರೆ ಯಾವ ಆಸೆಯನ್ನೂ ಅವರು ಬಾಯಿಬಿಟ್ಟು ಹೇಳಿಲ್ಲ.

‘ಹಳೇದೆಲ್ಲ ಮಾತಾಡಿಸಿ ಸಾರ್, ಒಳ್ಳೇದು ಅಂದಿದಾರೆ ಡಾಕ್ಟ್ರು’ ಎಂದು ಜಯಮ್ಮ ಫೋನ್ ಮಾಡಿದರು. ಹೋದೆ. ಹಳೆಯದು ಎಂದರೆ ನನ್ನ ಬಳಿ ಇರುವುದು ಯಾವುದು? ತಗಡಿನ ಕಥೆಯನ್ನೇ ತೆಗೆದೆ. ಕುಂಕುಮ, ಇಬ್ಬನಿ, ಕುಡುಗೋಲು, ಠಣ್. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದವು.

ಮುನಿರಾಜು ತಲೆ ಎತ್ತಿದರು. ನಿಧಾನವಾಗಿ ಹೇಳಿದರು.

‘ಅದು... ನಾನಲ್ವಾ ಸಾರ್ ಹೊಡ್ದಿದ್ದು.’

ನಾನು ನಕ್ಕೆ. ಕಾಯಿಲೆಯವರ ಮುಂದೆ ನಗುವ ಆ ಮೆತ್ತಗಿನ ನಗು ನಿಮಗೆ ಗೊತ್ತಲ್ಲ? ಅದು. ಜಯಮ್ಮ ನನ್ನ ಮುಖ ನೋಡಿದರು.

‘ಯಾರು ಸಾರ್ ಹೊಡ್ದಿದ್ದು?’

‘ನಾನೇ’ ಎಂದೆ.

ಅವರು ಎದ್ದು ಹೋಗಿ ಟಿವಿಯ ಪಕ್ಕದ ಡೈರಿ ತಂದರು. ಏಳನೆಯ ಸಾಲು ಬರೆದರು. ಮುನಿರಾಜು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಗೇಟಿನ ಕಡೆ ನೋಡುತ್ತ ಕೂತರು.

ಮನೆಗೆ ಬರುವ ದಾರಿಯುದ್ದಕ್ಕೂ ಅದೇ. ಬನಶಂಕರಿಯ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ನಿಂತೇ ಇದ್ದೆ. ಹಿಂದಿನ ಆಟೋದವನು ಪಕ್ಕಕ್ಕೆ ಬಂದು, ‘ಅಂಕಲ್, ಇನ್ನೊಂದ್ ಸಿಗ್ನಲ್ ನೋಡ್ಕೊಂಡ್ ಹೋಗ್ತೀರಾ?’ ಎಂದ.

ನಾನು ಭೌತಶಾಸ್ತ್ರದ ಎಂ.ಎಸ್ಸಿ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದರಲ್ಲಿ ಉಳಿದಿರುವುದು ಒಂದೇ: ಅಳೆಯದೆ ನಂಬಬೇಡ. ಅಂದಿನಿಂದ ಎಲ್ಲರ ಮಾತಿಗೂ ಆಧಾರ ಕೇಳಿದ್ದೇನೆ. ಜ್ಯೋತಿಷಿಗಳನ್ನು, ವಾಟ್ಸ್ಆ್ಯಪ್ ವೈದ್ಯರನ್ನು, ನನ್ನ ಭಾವಮೈದುನನನ್ನು. ಈ ಹೊಡೆತಕ್ಕೆ ಮಾತ್ರ ನನ್ನನ್ನು ನಾನು ಆಧಾರ ಕೇಳಿರಲಿಲ್ಲ. ಯಾಕೆ ಕೇಳಬೇಕು? ನಾನೇ ಹೊಡೆದದ್ದಲ್ಲವೇ?

ಅಂದು ಸಂಜೆ ಕಣ್ಣು ಮುಚ್ಚಿ ಆ ದೃಶ್ಯವನ್ನು ಮತ್ತೆ ನೋಡಿದೆ. ಹಸಿರು ಚಾಪೆ. ಹಳದಿ ಟೀ ಶರ್ಟಿನ ಒಂದು ಬೆನ್ನು ತಿರುಗುತ್ತದೆ. ಕೋಲು ಮೇಲೆ ಹೋಗಿ ಕೆಳಗೆ ಬರುತ್ತದೆ. ಚೆಂಡು ಹೋಗುತ್ತದೆ.

ಬೆನ್ನು? ನನ್ನ ಬೆನ್ನು ನನಗೆ ಕಾಣುವುದು ಹೇಗೆ?

‘ನನಗೆ ಒಂದು ಹಳದಿ ಟೀ ಶರ್ಟ್ ಇತ್ತಲ್ಲ?’ ಎಂದು ಹೆಂಡತಿಯನ್ನು ಕೇಳಿದೆ. ಸುಮಾ ಅವರೆಕಾಯಿ ಸುಲಿಯುತ್ತಿದ್ದಳು.

‘ಹಳದೀನಾ? ನೀವಾ?’ ಎಂದಳು. ‘ಮದುವೆ ದಿನ ಅರಿಶಿನದ ಶಲ್ಯ ಹಾಕ್ಕೊಳ್ಳೋಕೇ ಮುಖ ಸಿಂಡರಿಸಿದ್ರಿ.’

ಇದು ಸಾಕ್ಷ್ಯವಲ್ಲ ಎಂದು ವಾದಿಸಿಕೊಂಡೆ. ನೆನಪಿನಲ್ಲಿ ತಮ್ಮನ್ನು ತಾವೇ ಹೊರಗಿನಿಂದ ನೋಡಿಕೊಳ್ಳುವವರು ಬಹಳ ಮಂದಿ. ಬಣ್ಣಗಳೂ ಕಾಲಕ್ರಮದಲ್ಲಿ ಬದಲಾಗುತ್ತವೆ. ಆದರೆ ಅನುಮಾನ ಒಮ್ಮೆ ಒಳಗೆ ಬಂದರೆ ಚಪ್ಪಲಿ ಬಿಟ್ಟು ಕೂತೇಬಿಡುತ್ತದೆ. ಗುರುವಾರಕ್ಕೆ ನಾಲ್ಕು ದಿನ ಇತ್ತು.

ಲಾಫ್ಟಿನಿಂದ ಡ್ರೈವರ್ ಇಳಿಸಿದೆ. ಹಳೆಯ ರೇಂಜ್ ಇದ್ದ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಊರಾಚೆ ಇನ್ನೊಂದು ರೇಂಜ್ ಇದೆ ಎಂದು ತಿಳಿದು ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋದೆ. ಕಲಿಸುವಾಕೆ ಶಶಿಕಲಾ, ಮೂವತ್ತರ ಆಸುಪಾಸು, ಕ್ಯಾಪು, ಬಿಸಿಲಿಗೆ ಕಪ್ಪಾದ ಕೈ.

‘ಇದರ ಸ್ವೀಟ್ ಸ್ಪಾಟ್ ಎಲ್ಲಿದೆ ನೋಡಬೇಕು’ ಎಂದೆ.

‘ಕ್ಲಬ್ಬಿಂದಾ, ನಿಮ್ದಾ ಸಾರ್?’

‘ಎರಡೂ ಒಂದೇ ಅಲ್ವಾ?’

‘ಒಂದೇ ಆಗಿದ್ರೆ ನಂಗೆ ಕೆಲ್ಸ ಇರ್ತಿರ್ಲಿಲ್ಲ’ ಎಂದಳು.

ಮೊದಲು ಕ್ಲಬ್ಬಿನದನ್ನು, ಎಂದರೆ ಕೋಲಿನದನ್ನು, ತೋರಿಸಿದಳು. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ಕೋಲನ್ನು ತೂಗುಬಿಟ್ಟಳು. ಆಮೇಲೆ ಒಂದು ಚೆಂಡು ತೆಗೆದು ಮುಖದ ಮೇಲೆ ಅಲ್ಲಲ್ಲಿ ಮೆಲ್ಲಗೆ ತಟ್ಟಿದಳು. ಅಂಚಿನಲ್ಲಿ ತಟ್ಟಿದಾಗ ತಲೆ ಪಕ್ಕಕ್ಕೆ ತಿರುಚಿಕೊಂಡು ಬೆರಳುಗಳಲ್ಲಿ ನಡುಕ ಬಂತು. ಸ್ವಲ್ಪ ಒಳಗೆ, ನಡುಕ ಕಡಿಮೆ. ಒಂದು ಜಾಗದಲ್ಲಿ ತಟ್ಟಿದಾಗ ತಲೆ ನೇರವಾಗಿ ಹಿಂದಕ್ಕೆ ಹೋಯಿತು. ತಿರುಚಲಿಲ್ಲ, ನಡುಗಲಿಲ್ಲ.

‘ಇಲ್ಲೇ ಸಾರ್. ಎಲ್ಲಾರೂ ಮಧ್ಯ ಅನ್ಕೋತಾರೆ. ಇದು ಮಧ್ಯಕ್ಕಿಂತ ಚೂರು ಮೇಲೆ ನೋಡಿ.’

ನೋಡಿದೆ. ಜಯಮ್ಮ ಕುಂಕುಮ ಇಟ್ಟಿದ್ದ ಜಾಗ. ಅವರೇನು ಅಳತೆ ಮಾಡಿ ಇಟ್ಟಿರಲಿಲ್ಲ. ಮುಖ ಎಂದ ಮೇಲೆ ಅದಕ್ಕೊಂದು ಹಣೆ ಇರಬೇಕು, ಹಣೆಗೆ ಬೊಟ್ಟು ಇಡಬೇಕು. ಮಧ್ಯಕ್ಕಿಂತ ಚೂರು ಮೇಲೆ. ಸ್ಕೂಟರಿನ ಹೆಡ್‌ಲೈಟಿಗೂ ಹಾಗೆಯೇ ಇಟ್ಟಿದ್ದರು.

ಆಮೇಲೆ ನನ್ನದು. ಡ್ರೈವರಿನ ಮುಖಕ್ಕೆ ಕಾಲಿಗೆ ಹಾಕುವ ಪೌಡರ್ ಸ್ಪ್ರೇ ಮಾಡಿ ಬೆಳ್ಳಗೆ ಮಾಡಿದಳು. ‘ಈಗ ಹೊಡೀರಿ. ಚೆಂಡು ತಗುಲಿದ ಕಡೆ ಪೌಡರ್ ಹೋಗುತ್ತೆ. ನೀವು ಏನ್ ಹೇಳಿದ್ರೂ ಅದು ಸುಳ್ ಹೇಳಲ್ಲ.’

ಇಪ್ಪತ್ತು ಹೊಡೆದೆ. ಪೌಡರಿನಲ್ಲಿ ಹತ್ತೊಂಬತ್ತು ಗುರುತು. (ಒಂದು ತಗುಲಲೇ ಇಲ್ಲ.) ಎಲ್ಲವೂ ಒಂದೇ ಕಡೆ ಗುಂಪುಗೂಡಿದ್ದವು, ಕೋಲು ಬಂದು ತಲೆಗೆ ಸೇರುವ ಬದಿಯಲ್ಲಿ, ಸ್ವೀಟ್ ಸ್ಪಾಟಿನಿಂದ ಎರಡು ಬೆರಳು ದೂರ. ಒಂದಾದರೂ ಹಣೆಯ ಹತ್ತಿರ ಹೋಗಿರಲಿಲ್ಲ.

‘ಇದು ನಿಮ್ ಸಹಿ ಇದ್ದಂಗೆ ಸಾರ್’ ಎಂದಳು ಶಶಿಕಲಾ. ‘ಚೆಂಡಿಗೆ ತುಂಬಾ ಹತ್ರ ನಿಲ್ತೀರಿ. ಯಾವಾಗ್ಲೂ ಹಿಂಗೇನಾ?’

‘ಯಾವಾಗ್ಲೂ ಹೀಗೇ ಅಂತ ಕಾಣುತ್ತೆ.’

ಹಾಗಾದರೆ ಶೋಕೇಸಿನ ಚೆಂಡಿನ ಮೇಲೆ ಗುಂಡಗೆ ಕುಂಕುಮ ಬಂದದ್ದು ಹೇಗೆ? ನನ್ನ ಎಂ.ಎಸ್ಸಿ. ಇನ್ನೂ ಸೋಲು ಒಪ್ಪಲಿಲ್ಲ. ಅಪರೂಪಕ್ಕೊಮ್ಮೆ ಆಗಿರಬಹುದಲ್ಲ? ಇಪ್ಪತ್ತರಲ್ಲಿ ಆಗದ್ದು ಇಪ್ಪತ್ತೊಂದನೆಯದರಲ್ಲಿ ಆಗಬಾರದೆಂದು ಯಾವ ನಿಯಮವಿದೆ?

ಇಪ್ಪತ್ತೊಂದಲ್ಲ, ಅರವತ್ತರ ಸುಮಾರಿಗೆ ಆಯಿತು. ಶಶಿಕಲಾ ನನ್ನನ್ನು ಅರ್ಧ ಅಡಿ ಹಿಂದೆ ಸರಿಸಿ ನಿಲ್ಲಿಸಿದ್ದಳು. ಹೊಡೆದೆ. ಚೆಂಡು ನೇರವಾಗಿ, ಎತ್ತರಕ್ಕೆ, ಅವಸರವಿಲ್ಲದೆ ಹೋಯಿತು. ಪೌಡರಿನಲ್ಲಿ ಹಣೆಯ ಜಾಗದಲ್ಲಿ ಒಂದು ದುಂಡು ಗುರುತು.

‘ಸಖತ್ ಸಾರ್. ಹೆಂಗನ್ನಿಸ್ತು ಕೈಗೆ?’

‘ಫ್ರಿಜ್ ಬಾಗಿಲು ತಾನೇ ಮುಚ್ಚಿಕೊಂಡ ಹಾಗೆ’ ಎಂದೆ.

ಹೇಳಿದ ಕ್ಷಣವೇ ನನಗೆ ಗೊತ್ತಾಯಿತು. ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟೆ.

ಫ್ರಿಜ್ ಬಾಗಿಲು. ಕೊನೆಯ ಅರ್ಧ ಇಂಚನ್ನು ರಬ್ಬರ್ ಬೀಡಿಂಗ್ ತಾನೇ ಎಳೆದುಕೊಳ್ಳುತ್ತದಲ್ಲ, ಆ ಮೆತ್ತಗಿನ ಎಳೆತ. ನನ್ನ ಕೈಗೆ ಗೊತ್ತಿರುವುದು ಅದು. ಬಾಡಿಗೆ ಮನೆಗಳಲ್ಲಿ, ಅಡುಗೆಮನೆಗಳಲ್ಲಿ, ಹಾಲಿನ ಪ್ಯಾಕೆಟ್ ಒಳಗಿಟ್ಟು ಸಾವಿರ ಸಲ ಮುಚ್ಚಿದ ಬಾಗಿಲು. ನನ್ನ ಕೈ ಆಡುವ ಭಾಷೆಯೇ ಅಷ್ಟು.

ಇಬ್ಬನಿಯಲ್ಲಿ ನೆಂದ ರಾಗಿ ಪೈರಿಗೆ ಹರಿತವಾದ ಕುಡುಗೋಲು?

ನಾನು ಹುಟ್ಟಿದ್ದು ಜಯನಗರದಲ್ಲಿ. ಕುಡುಗೋಲು ಹಿಡಿದಿಲ್ಲ. ರಾಗಿ ಪೈರು ಇಬ್ಬನಿಯಲ್ಲಿ ಮೆತ್ತಗಾಗುತ್ತದೋ ಗಟ್ಟಿಯಾಗುತ್ತದೋ, ನನಗೆ ಗೊತ್ತಿಲ್ಲ. ಅದೇ ನೆಲದಲ್ಲಿ, ಅದೇ ಹಸಿರು ಚಾಪೆಯ ಅಡಿಯ ಮಣ್ಣಿನಲ್ಲಿ, ಇಪ್ಪತ್ತು ವರ್ಷ ಬೆಳಗಿನ ಜಾವ ರಾಗಿ ಕೊಯ್ದವರು ಮುನಿರಾಜು. ಚೆಂಡು ಹೋದ ಮೇಲೆ ಹಿಂತಿರುಗಿ ನನಗೆ ಆ ಮಾತು ಹೇಳಿದ್ದವರೂ ಅವರೇ ಇರಬೇಕು. ನಾನು ಅದನ್ನು ಮೊದಲು ಅವರ ಮಾತೆಂದು ನೆನಪಿಟ್ಟುಕೊಂಡಿರಬೇಕು. ಆಮೇಲೆ ಒಂದು ಒಳ್ಳೆಯ ಮಾತೆಂದು. ಆಮೇಲೆ ನನ್ನ ಮಾತೆಂದು. ಮಾತು ನನ್ನದಾದ ಮೇಲೆ ಹೊಡೆತ ಬೇರೆಯವರದು ಹೇಗಾದೀತು?

ಕಳ್ಳತನ ಮಾಡಿದವನಿಗೆ ತಾನು ಕದ್ದದ್ದು ಗೊತ್ತಿರುತ್ತದೆ. ನನಗೆ ಆ ಗೌರವವೂ ಇಲ್ಲ. ನಾನು ಪ್ರಾಮಾಣಿಕವಾಗಿ ಕದ್ದಿದ್ದೆ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇದು: ಆ ನೆನಪು ಎಲ್ಲೂ ಮಸುಕಾಗಿರಲಿಲ್ಲ. ಹೇಳಿದಷ್ಟೂ ಅದಕ್ಕೆ ಹೊಳಪು ಬಂದಿತ್ತು. ನನ್ನ ನಿಜವಾದ ನೆನಪುಗಳು ಯಾವುವೂ ಇಷ್ಟು ಚೊಕ್ಕಟವಾಗಿಲ್ಲ. ನನ್ನ ತಂದೆಯ ಧ್ವನಿಯನ್ನು ನೆನೆಸಿಕೊಳ್ಳಲು ಕಷ್ಟಪಡುತ್ತೇನೆ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ಕೇಳಿದ ಒಂದು ಪ್ರಶ್ನೆಯೂ ಉಳಿದಿಲ್ಲ. ನಾನು ಮಾಡದೆ ಇದ್ದ ಹೊಡೆತ ಮಾತ್ರ ಇಬ್ಬನಿಯ ಸಮೇತ ಇದೆ.

ಮಂಗಳವಾರ ಬೆಳಿಗ್ಗೆ ಶೋಕೇಸಿನ ಚೆಂಡು ತೆಗೆದು ಜೇಬಿಗೆ ಹಾಕಿಕೊಂಡು ಅರೆಕೆರೆಗೆ ಹೋದೆ. ಮುನಿರಾಜು ವರಾಂಡದಲ್ಲಿದ್ದರು. ಇಸ್ತ್ರಿ ಮಾಡಿದ ಶರ್ಟು. ಜೇಬಿನಲ್ಲಿ ಬೀಗದಕೈಯ ಉಬ್ಬು.

ಚೆಂಡನ್ನು ಅವರ ಎಡಗೈಯಲ್ಲಿ ಇಟ್ಟೆ. ಕುಂಕುಮ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ.

‘ಇದು ನಿಮ್ಮದು. ನೀವೇ ಹೊಡೆದದ್ದು. ನನಗೆ ಮರೆತುಹೋಗಿತ್ತು’ ಎಂದೆ.

ಅವರು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಗೊತ್ತು ಸಾರ್’ ಎಂದರು.

‘ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ? ಹತ್ತು ಜನರ ಮುಂದೆ ನಾನು ಹೇಳುವಾಗ ಪಕ್ಕದಲ್ಲೇ ಕೂತಿರ್ತಿದ್ರಲ್ಲ.’

‘ನೀವು... ಚೆನ್ನಾಗ್ ಹೇಳ್ತಿದ್ರಿ. ನಂಗೆ ಹಂಗ್ ಹೇಳಕ್ ಬರ್ತಿರ್ಲಿಲ್ಲ.’ ಸ್ವಲ್ಪ ಹೊತ್ತು ಮಾತನ್ನು ಹುಡುಕಿದರು. ‘ಪೇಪರ್‌ನಾಗೆ ಬೇರೆ ಬಂತು.’

‘ಮತ್ತೆ ಚೆಂಡು ನನಗೆ ಯಾಕೆ ಕೊಟ್ಟಿರಿ?’

‘ನಮ್ಮನೇಲಿ ಶೋಕೇಸ್ ಎಲ್ಲಿತ್ತು ಸಾರ್.’

ಜಯಮ್ಮ ಕಾಫಿ ತಂದರು. ಡೈರಿ ತರಲು ಹೇಳಿದೆ. ಏಳನೆಯ ಸಾಲನ್ನು ಹೊಡೆದುಹಾಕಿ ಎಂದೆ. ಚೆಂಡು ಹೊಡೆದವರು ಇವರೇ, ತಪ್ಪು ನನ್ನದು ಎಂದು ವಿವರಿಸಿದೆ. ಪೌಡರಿನ ವಿಷಯ, ಕುಡುಗೋಲಿನ ವಿಷಯ ಎಲ್ಲ ಹೇಳಿದೆ. ಅವರಿಗೆ ಪೌಡರು ಅಷ್ಟಾಗಿ ಹಿಡಿಸಲಿಲ್ಲ. ಕುಡುಗೋಲು ತಕ್ಷಣ ಹಿಡಿಸಿತು.

‘ನೀವು ಕುಡುಗೋಲು ಅಂದಾಗ್ಲೆಲ್ಲ ನಂಗೆ ಅನ್ನಿಸ್ತಿತ್ತು ಸಾರ್, ಇವ್ರು ಯಾವಾಗ ಹಿಡಿದ್ರು ಅಂತ. ಓದಿದೋರು, ಕೇಳೋದ್ ಹೆಂಗೆ ಅಂತ ಸುಮ್ನಿದ್ದೆ.’

ಸಾಲಿನ ಮೇಲೆ ಗೆರೆ ಎಳೆದರು. ಆಗ ಮುನಿರಾಜು ಮೆಲ್ಲಗೆ ಕೈ ಎತ್ತಿದರು.

‘ಇನ್ನೊಂದು. ತಗಡಲ್ಲ ಸಾರ್. ಅದು ನೀರಿನ್ ಡ್ರಮ್ಮು. ತಗಡು ಆಮೇಲ್ ಹಾಕಿದ್ದು.’

ಜಯಮ್ಮನ ಪೆನ್ನು ಗಾಳಿಯಲ್ಲಿ ನಿಂತಿತು. ಅಭ್ಯಾಸ. ‘ಇದನ್ನ ಬರ್ಕೊಳ್ಳಾ?’ ಎಂದು ನನ್ನ ಮುಖ ನೋಡಿದರು.

‘ನನ್ನ ಹೆಸರಲ್ಲಿ ಬರ್ಕೊಳ್ಳಿ’ ಎಂದೆ. ನನ್ನ ಕಿವಿಯಲ್ಲಿ ಈಗಲೂ ಠಣ್ ಎಂದೇ ಕೇಳಿಸುತ್ತದೆ. ಡ್ರಮ್ಮು ಠಣ್ ಎನ್ನುತ್ತದೆಯೇ? ಖಾಲಿಯಿದ್ದರೆ ಎನ್ನಬಹುದೇನೋ.

ಜಯಮ್ಮ ಪಟ್ಟಿಯನ್ನು ಮೇಲಿನಿಂದ ಒಮ್ಮೆ ಓದಿಕೊಂಡರು. ಮೂರನೆಯದು, ಹಾಲು ಬಂತಾ ಎಂದು ಎರಡು ಸಲ ಕೇಳಿದ್ದು. ಅದು ಇರಲಿ ಎಂದರು. ಐದನೆಯ ಸಾಲಿಗೆ ಬಂದು ನಿಂತರು. ‘ಬಸ್ ಸ್ಟಾಪ್ ರಸ್ತೆಯ ಆ ಕಡೆ ಇದೆ ಅಂತಾರೆ.’

‘ಇತ್ತಲ್ವಾ?’ ಎಂದರು ಮುನಿರಾಜು. ‘ಇದೆ ಅನ್ಲಿಲ್ಲ. ಇತ್ತು ಅಂದೆ. ನೀನು ಹಳದಿ ಸೀರೆ ಉಟ್ಕೊಂಡು ಅಲ್ಲೇ ನಿಲ್ತಿದ್ದೆ.’

‘ಹೂಂ’ ಎಂದರು ಜಯಮ್ಮ. ‘ಮದ್ವೆ ಆದ ಹೊಸದ್ರಲ್ಲಿ ಆ ಕಡೇನೇ ಇತ್ತು. ನಂಗೇ ಮರ್ತೋಗಿತ್ತು.’ ಐದನೆಯ ಸಾಲಿನ ಮೇಲೆ ಅವರೇ ಗೆರೆ ಎಳೆದರು. ನಾನು ಹೇಳಬೇಕಾಗಲಿಲ್ಲ.

ಗುರುವಾರ ಡಾಕ್ಟರು ಉಳಿದ ಐದು ಸಾಲು ಓದಿ, ಬೆಳಗಿನ ಹೊತ್ತು ಅಂಗಡಿಗೆ ಹೋಗಬಹುದು, ಫೋನ್ ಜೇಬಿನಲ್ಲಿರಲಿ ಎಂದರಂತೆ. ಶುಕ್ರವಾರ ಎಂಟೂವರೆಗೆ ಮುನಿರಾಜು ಒಬ್ಬರೇ ನಡೆದುಕೊಂಡು ಹೋದರು. ಷಟರ್ ಎತ್ತಲು ಪಕ್ಕದ ಬೇಕರಿಯವರು ಒಂದು ಕೈ ಕೊಟ್ಟರು. ಚೆಂಡು ಈಗ ಅಂಗಡಿಯ ಕೌಂಟರಿನ ಮೇಲೆ, ಮೊಳೆ ತುಂಬಿಟ್ಟ ಬಟ್ಟಲಿನಲ್ಲಿದೆ.

ಅವರ ನೆನಪಿನ ತಪ್ಪುಗಳನ್ನು ಬರೆದಿಡಲು ಜಯಮ್ಮ ಇದ್ದಾರೆ. ನನ್ನವು ಇಷ್ಟು ವರ್ಷ ಪ್ರತಿವಾರ ಇದೇ ಜಾಗದಲ್ಲಿ ಅಚ್ಚಾಗುತ್ತಿದ್ದವಲ್ಲ, ನಿಮ್ಮಲ್ಲಿ ಒಬ್ಬರಾದರೂ ಪಟ್ಟಿ ಮಾಡಿದ್ದೀರಾ?